ಸಿಂಹದಂಗಳದ ಹಸಿರು ಬೇಲಿ

ಚೀನೀ ಹೊಸ ವರ್ಷ ಮುಗಿದ ಮೇಲೆ ನಮ್ಮ ಕಾಂಡೋದಲ್ಲಿ ಯಾರಾದರೊಬ್ಬರು ತಮ್ಮ ಲಿಮಾವ್ ಕಸ್ತೂರಿ ಗಿಡದ ಕುಂಡವನ್ನು ಲಿಫ್ಟಿನ ಪಕ್ಕ ತಂದಿಟ್ಟು ಕೈತೊಳೆದುಕೊಳ್ಳುತ್ತಾರೆ. ಪುಟ್ಟ ಕಿತ್ತಳೆಯಂಥ ಕಾಯಿಗಳನ್ನು ತುಂಬಿಕೊಂಡು ಮನೆಗೆ ಬಂದ ಗಿಡ, ಹಬ್ಬ ಕಳೆದದ್ದೇ ಅನಾಥ. ಈ ಸಲದ ಗಿಡಕ್ಕೆ ನೆಲ ಒರೆಸುವ ಹೆಂಗಸು ದಿನಾ ನೀರು ಹಾಕಿರಬೇಕು. ಮೊನ್ನೆ ಲಿಫ್ಟಿನ ಬಾಗಿಲು ತೆರೆದುಕೊಂಡರೆ ಹೂವಿನ ಘಮ... ಇದು ನನ್ನ ಮಹಡಿಯೇ ಹೌದೋ ಅಲ್ಲವೋ ಎಂದು ಒಂದು ಕ್ಷಣ ಗಲಿಬಿಲಿಯಾಯಿತು. ಅದು ಸ್ಪೇನಿನ ಕೋರ್ಡೋಬದಲ್ಲಿ, ಹಳೆಯ ಮಸೀದಿಯ ಅಂಗಳದಲ್ಲಿ, ಏಪ್ರಿಲ್ ತಿಂಗಳ ಕಿತ್ತಳೆ ಹೂವು ಬೀರುತ್ತಿದ್ದ ಘಮ. ಅವತ್ತು ನನ್ನ ತೋಳು ಹಿಡಿದು ನಿಂತಿದ್ದವರು ಪಕ್ಕದ ಮನೆಯ ಡಾಕ್ಟರಮ್ಮ.

ಡಾಕ್ಟರಮ್ಮ ಎಂದರೆ ಔಷಧಿ ಬರೆದುಕೊಡುವ ಡಾಕ್ಟರಲ್ಲ. ಉಡುಪಿ ಕಡೆಯವರು, ಇಲ್ಲಿಯ ಮೆಡಿಕಲ್ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಅಂಗರಚನೆಯ ಪಾಠ ಮಾಡಿದವರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಪುರುಸೊತ್ತು ಸಿಗಲಿಲ್ಲ ಎಂದು ಬಿಡುತ್ತಿದ್ದರು. ನಾನು ಮಲೇಷ್ಯಾದ ಈ ಪುಚೊಂಗ್‌ಗೆ ಬಂದ ವಾರವೇ ನನ್ನ ಬಾಗಿಲು ತಟ್ಟಿ, "ಗೋಡೆಯ ಆಚೆ ಫೋನಿನಲ್ಲಿ ಕನ್ನಡದಲ್ಲಿ ಜಗಳ ಮಾಡುವವರು ಯಾರು ಅಂತ ನೋಡ್ಲಿಕ್ಕೆ ಬಂದೆ" ಎಂದಿದ್ದರು. ನಾನು ಸೈಬರ್‌ಜಯಾದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ನೋಡಿಕೊಳ್ಳುವವಳು. ಜಗಳ ನನ್ನ ಕೆಲಸದ ಭಾಗ.

ಅವರ ಕಣ್ಣು ಹೋಗುತ್ತಿದೆ ಎಂಬುದು ನನಗೆ ಬಹಳ ದಿನ ಗೊತ್ತೇ ಇರಲಿಲ್ಲ. ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುವ ಕಾಯಿಲೆ. ಅವರಿಗೆ ಪ್ರಪಂಚ ಆಗಲೇ ಕೊಳವೆಯೊಳಗಿಂದ ನೋಡಿದಷ್ಟೇ ಉಳಿದಿತ್ತು. ಒಂದು ಭಾನುವಾರ ಇಲ್ಲಿಯ ತಮಿಳು ಮುಸ್ಲಿಮರ ಮಾಮಾಕ್ ತಿಂಡಿಯಂಗಡಿಯಲ್ಲಿ ಪರೋಟದಂಥ ರೊಟ್ಟಿ ಚನಾಯ್ ತಿನ್ನುತ್ತಾ, ಇನ್ನೊಂದು ವರ್ಷ, ಹೆಚ್ಚೆಂದರೆ ಎರಡು ಎಂದು ತಾವೇ ಹೇಳಿದರು. ಸಾರಿನ ಬಟ್ಟಲಿಗಾಗಿ ಮೇಜಿನ ಮೇಲೆ ಕೈಯಾಡಿಸುತ್ತಾ, "ಅದರ ಮೊದಲು ಸ್ಪೇನ್ ನೋಡ್ಲಿಕ್ಕುಂಟು. ನೀನು ಬರ್ತೀಯಾ? ಒಬ್ಬಳೇ ಹೋದ್ರೆ ಮೆಟ್ಟಿಲಲ್ಲಿ ಬಿದ್ದು ಸಾಯ್ತೇನೆ" ಎಂದರು.

ಸ್ಪೇನೇ ಯಾಕೆ ಎಂದು ಕೇಳಿದೆ. ಅವರ ಡಿಪಾರ್ಟ್‌ಮೆಂಟಿನಲ್ಲಿ ಯಾರೋ ಬಿಟ್ಟುಹೋಗಿದ್ದ ಒಂದು ಚಿತ್ರಗಳ ಪುಸ್ತಕವಿತ್ತಂತೆ. ಅದರಲ್ಲಿ ಗ್ರನಾಡಾದ ಅಲ್ಹಂಬ್ರಾ ಅರಮನೆಯ ಒಂದು ಛಾವಣಿ, ಮೈಕ್ರೋಸ್ಕೋಪಿನಲ್ಲಿ ಎಲುಬಿನ ಒಳಭಾಗ ಕಾಣುವ ಹಾಗೇ ಇತ್ತಂತೆ. ಅಷ್ಟು ವರ್ಷ ಪಾಠ ಮಾಡಿದ್ದನ್ನು ಯಾರೋ ಗಾರೆಯಲ್ಲಿ ಮಾಡಿಟ್ಟಿದ್ದಾರೆ, ಅದನ್ನು ನೋಡದೆ ಕಣ್ಣು ಕಳೆದುಕೊಳ್ಳುವುದು ಹೇಗೆ ಎನ್ನುವುದು ಅವರ ವಾದ.

ನಾನು ಎಕ್ಸೆಲ್ ತೆರೆದು ಒಂಬತ್ತು ದಿನಕ್ಕೆ ಹದಿನಾಲ್ಕು ಜಾಗ ತುಂಬಿಸಿದೆ. ಡಾಕ್ಟರಮ್ಮ ಅದನ್ನು ಓದಿಸಿ ಕೇಳಿ, ನಾಲ್ಕು ಉಳಿಸಿ ಮಿಕ್ಕಿದ್ದೆಲ್ಲ ತೆಗೆಸಿದರು. ಬಾರ್ಸಿಲೋನಾ, ಕೋರ್ಡೋಬ, ರೋಂಡಾ, ಗ್ರನಾಡಾ. ಇಷ್ಟು ದುಡ್ಡು ಕೊಟ್ಟು ಅಷ್ಟು ದೂರ ಹೋಗಿ ನಾಲ್ಕೇ ಊರಾ ಎಂದು ನನಗೆ ಹೊಟ್ಟೆ ಉರಿಯಿತು.

ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಇಗರ್ಜಿಯಲ್ಲಿ ಅವರ ನಿಜವಾದ ಉದ್ದೇಶ ತಿಳಿಯಿತು. ಮೊದಲನೇ ಕಂಬದ ಹತ್ತಿರವೇ ನಿಂತುಬಿಟ್ಟರು. ಕಂಬಗಳು ಮರದ ಹಾಗೆ ಮೇಲೆ ಹೋಗಿ ಕೊಂಬೆಯೊಡೆದಿದ್ದವು. ಬೆಳಗಿನ ಬಿಸಿಲು ಪೂರ್ವದ ಗಾಜಿನಿಂದ ನೀಲಿ ಹಸಿರಾಗಿ ಇಳಿಯುತ್ತಿತ್ತು. ಅವರು ಪುಸ್ತಕದ ಸಾಲು ಓದುವವರಂತೆ ತಲೆಯನ್ನು ಎಡದಿಂದ ಬಲಕ್ಕೆ, ಸ್ವಲ್ಪ ಇಳಿಸಿ ಮತ್ತೆ ಎಡದಿಂದ ಬಲಕ್ಕೆ ಆಡಿಸುತ್ತಾ ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಕಂಡದ್ದನ್ನೆಲ್ಲ ಒಂದೊಂದಾಗಿ ಬಾಯಿಬಿಟ್ಟು ಹೇಳತೊಡಗಿದರು. ನೋಡುವುದು, ಮುಚ್ಚುವುದು, ಹೇಳುವುದು: ವಿದ್ಯಾರ್ಥಿಗಳಿಗೆ ಅವರು ಸ್ಲೈಡ್ ಕಲಿಸುತ್ತಿದ್ದ ಕ್ರಮವೇ ಅದು. ಒಬ್ಬರು ಹೇಳುವಾಗ ಜೊತೆಗಾರ ಮೈಕ್ರೋಸ್ಕೋಪ್ ನೋಡಿಕೊಂಡು ಸರಿಯೋ ತಪ್ಪೋ ಹೇಳಬೇಕು. ಇಲ್ಲಿ ಆ ಜೊತೆಗಾರ ನಾನು.

"ತಪ್ಪಿದ್ರೆ ತಪ್ಪು ಅಂತ ಹೇಳು ಮಾರಾಯ್ತಿ, ದಾಕ್ಷಿಣ್ಯ ಬೇಡ. ಕಣ್ಣು ಹೋದ ಮೇಲೆ ನನ್ಹತ್ರ ಇರುವುದು ಇಷ್ಟೇ" ಎಂದರು.

ಒಂದೂವರೆ ಗಂಟೆ ಎಂದು ನಾನು ಲೆಕ್ಕ ಹಾಕಿದ್ದ ಕಡೆ ಇಡೀ ದಿನ ಕಳೆದೆವು. ಮಧ್ಯಾಹ್ನದ ಮೇಲೆ ಪಶ್ಚಿಮದ ಗಾಜು ಕೆಂಪು ಕಿತ್ತಳೆಯಾಗಿ ಉರಿಯುವುದನ್ನೂ ಅವರು ನೋಡಿ, ಮುಚ್ಚಿ, ಹೇಳಿದರು. ನಾನು ಎರಡು ಸಲ ತಪ್ಪು ಎಂದೆ. ತಿದ್ದಿಕೊಂಡರು. ಕೋರ್ಡೋಬದ ಮಸೀದಿಯೊಳಗೆ ಕೆಂಪು ಬಿಳಿ ಪಟ್ಟೆಯ ಕಮಾನುಗಳ ಕೆಳಗೆ ನಡೆಯುತ್ತಾ, ಕಂಬಗಳ ತಲೆಗಳು ಒಂದರ ಹಾಗೆ ಇನ್ನೊಂದಿಲ್ಲ ಎಂದು ಮೊದಲು ಕಂಡುಹಿಡಿದವರು ಅವರೇ. ಎರಡೂ ಕಣ್ಣು ನೆಟ್ಟಗಿದ್ದ ನಾನು ಅಲ್ಲಿಯವರೆಗೆ ಫೋಟೋ ಹೊಡೆಯುತ್ತಿದ್ದೆ. ರೋಂಡಾದಲ್ಲಿ ಕಂದಕದ ಮೇಲಿನ ಕಲ್ಲಿನ ಸೇತುವೆಯ ಕಟ್ಟೆ ಹಿಡಿದು ಬಗ್ಗಿದಾಗ, ನಮ್ಮ ಕಾಲಿನ ಕೆಳಗೆ ಎಷ್ಟೋ ಆಳದಲ್ಲಿ ಹಕ್ಕಿಗಳು ಸುತ್ತುತ್ತಿದ್ದವು. ಹಕ್ಕಿಯ ಬೆನ್ನು ನೋಡಿದ್ದು ಜೀವನದಲ್ಲಿ ಇದೇ ಮೊದಲು ಎಂದು ಅವರು ಮಕ್ಕಳ ಹಾಗೆ ನಕ್ಕರು...

ಗ್ರನಾಡಾ ಕೊನೆಯದು. ಅಲ್ಹಂಬ್ರಾದಲ್ಲಿ ಮೊದಲು ಉದ್ದನೆಯ ಕೊಳದ ಅಂಗಳ ಸಿಗುತ್ತದೆ. ನೀರಿನ ಎರಡೂ ಬದಿಗೆ ಕತ್ತರಿಸಿ ನಿಲ್ಲಿಸಿದ ಹಸಿರು ಬೇಲಿ. ಅಲ್ಲಿಂದ ಒಳಗೆ ಹೋದರೆ ಸಿಂಹಗಳ ಅಂಗಳ. ನಾವು ಅಲ್ಲಿಗೆ ಕಾಲಿಟ್ಟ ಹೊತ್ತಿಗೆ ನನ್ನ ಫೋನು ಗುಂಯ್‌ಗುಟ್ಟತೊಡಗಿತು. ಸೈಬರ್‌ಜಯಾದಲ್ಲಿ ಆಗ ಸಂಜೆ, ನಾವು ಹೊಸದಾಗಿ ಬಿಟ್ಟ ಸಾಫ್ಟ್‌ವೇರ್ ಕುಸಿದು ಕೂತಿತ್ತು. ಡಾಕ್ಟರಮ್ಮ ನೋಡಿದರು, ಬಹಳ ಹೊತ್ತು ನೋಡಿದರು. ಕಣ್ಣು ಮುಚ್ಚಿ ಹೇಳತೊಡಗಿದರು. ನಡುವೆ ಬೋಗುಣಿ ಹೊತ್ತ ಹನ್ನೆರಡು ಸಿಂಹ, ನಾಲ್ಕು ದಿಕ್ಕಿಗೆ ಸಣ್ಣ ಕಾಲುವೆ, ತೆಳ್ಳಗಿನ ಬಿಳಿ ಕಂಬಗಳು, ಕಾಲುವೆಯ ಪಕ್ಕದಲ್ಲಿ ಹಸಿರು ಬೇಲಿ... ನಾನು ಎರಡೂ ಹೆಬ್ಬೆರಳಲ್ಲಿ ಟೈಪ್ ಮಾಡುತ್ತಾ, ತಲೆ ಎತ್ತದೆ, "ಸರಿ" ಎಂದೆ.

"ಪೂರಾ ಸರಿಯಾ?"

"ಪೂರಾ ಸರಿ ಡಾಕ್ಟ್ರಮ್ಮ, ನಡೀರಿ."

ಆಮೇಲೆ ಅವರ ಆ ಛಾವಣಿಯನ್ನೂ ನೋಡಿದೆವು. ಅವರು ಅತ್ತರು, ಮುಚ್ಚಿ ಹೇಳುವುದು ಅಲ್ಲಿ ಆಗಲಿಲ್ಲ. ನಾನು ಆಗಲೂ ಅರ್ಧ ಫೋನಿನಲ್ಲಿದ್ದೆ.

ಅವರೆಂದ ಹಾಗೇ ಒಂದೂವರೆ ವರ್ಷಕ್ಕೆ ಕಣ್ಣು ಪೂರ್ತಿ ಹೋಯಿತು. ಆದರೆ ಡಾಕ್ಟರಮ್ಮ ಕುಗ್ಗಲಿಲ್ಲ. ಭಾನುವಾರ ಅವರ ಮನೆಯಲ್ಲಿ ನಾಲ್ಕಾರು ಕನ್ನಡದ ಸಂಸಾರಗಳು ಸೇರುತ್ತಿದ್ದವು. ಊಟವಾದ ಮೇಲೆ ಅವರು ಸ್ಪೇನ್ ಹೇಳುತ್ತಿದ್ದರು. ಒಂದೊಂದು ವಾರ ಒಂದೊಂದು ಜಾಗ. ಕೇಳಿದವರಿಗೆ ಆ ಇಗರ್ಜಿಯ ಬಿಸಿಲು ಮೈಮೇಲೆ ಬಿದ್ದಂತಾಗುತ್ತಿತ್ತು. ನನಗೂ ಒಳಗೊಳಗೇ ಜಂಬ, ಇದರಲ್ಲಿ ನನ್ನದೂ ಪಾಲಿದೆ ಎಂದು.

ಒಂದು ಭಾನುವಾರ ಸಿಂಹಗಳ ಅಂಗಳದ ಸರದಿ. ದಾವಣಗೆರೆಯ ಇಂಜಿನಿಯರ್ ಒಬ್ಬರ ಮಗಳು, ಹತ್ತು ವರ್ಷದವಳು, ಡಾಕ್ಟರಮ್ಮ ಹೇಳುತ್ತಿದ್ದ ಹಾಗೇ ಅಮ್ಮನ ಫೋನಿನಲ್ಲಿ ಆ ಜಾಗ ಹುಡುಕಿ ನೋಡುತ್ತಿದ್ದಳು. ಇಲ್ಲೇ ಹುಟ್ಟಿದ ಮಗು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. "ಬಟ್ ಆಂಟಿ, ನೋ ಪ್ಲಾಂಟ್ಸ್ ಲಾ! ಆಲ್ ವೈಟ್ ಓನ್ಲಿ" ಎಂದಳು.

ಅವಳಮ್ಮ ಫೋನು ಕಿತ್ತುಕೊಂಡರು. ಡಾಕ್ಟರಮ್ಮ ನಾನು ಕೂತಿದ್ದ ಕಡೆಗೆ ಮುಖ ತಿರುಗಿಸಿದರು. ಅದು ಹೇಗೆ ಗೊತ್ತಾಯಿತೋ, ಸರಿಯಾಗಿ ನನ್ನ ಕಡೆಗೇ. "ನೀನು ಸರಿ ಅಂದಿದ್ದೆ ಅಲ್ವಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ನಿಜ ಹೇಳಿದೆ. ಆಫೀಸಿನ ಮೆಸೇಜು, ತಲೆ ಎತ್ತದಿದ್ದದ್ದು, ಎಲ್ಲ. ಹಿಂದಿನ ಅಂಗಳದ ಬೇಲಿ ಅವರ ಮನಸ್ಸಿನಲ್ಲಿ ಮುಂದಿನ ಅಂಗಳಕ್ಕೆ ಸೇರಿಕೊಂಡಿತ್ತು, ಅದನ್ನು ತೆಗೆಯಬೇಕಾಗಿದ್ದವಳು ನಾನು. ನನಗೆ ಎಲ್ಲಾದರೂ ಹೂತುಹೋಗೋಣ ಎನ್ನಿಸುವಷ್ಟು ನಾಚಿಕೆಯಾಗಿತ್ತು. ಕೊನೆಗೆ ಅವರು ಕೇಳಿದ್ದು ಒಂದೇ ಮಾತು: "ಉಳಿದದ್ದು?"

ಉಳಿದದ್ದೆಲ್ಲ ಸರಿ, ಅಲ್ಲೆಲ್ಲ ಕಣ್ಣಿಟ್ಟು ನೋಡಿಯೇ ಹೇಳಿದ್ದೆ ಎಂದೆ. ಅದು ನಿಜವೂ ಆಗಿತ್ತು. ನನ್ನ ಫೋನಿನಲ್ಲಿ ಫೋಟೋಗಳಿವೆ, ಒಂದೊಂದನ್ನೂ ತೆಗೆದು ಮತ್ತೆ ತಾಳೆ ನೋಡೋಣ ಎಂದೆ. ಅವರು ಬೇಡ ಎಂದು ತಲೆಯಾಡಿಸಿದರು. "ನಿನಗೆ ನಾಳೆ ಆಫೀಸುಂಟು, ಮಲಗು ಹೋಗು" ಎಂದು ನನ್ನನ್ನೇ ಸಮಾಧಾನ ಮಾಡಿ ಕಳಿಸಿದರು.

ಆಮೇಲೂ ನಾವು ಮೊದಲಿನಂತೆಯೇ ಇದ್ದೆವು. ಒಟ್ಟಿಗೆ ಉಂಡೆವು, ಮಾಮಾಕ್‌ಗೆ ಹೋದೆವು. ಆದರೆ ಅವರು ಸ್ಪೇನ್ ಹೇಳುವುದನ್ನು ಬಿಟ್ಟರು. ಇನ್ನೊಂದು ಹೊಸ ಅಭ್ಯಾಸ ಬಂದಿತ್ತು. ಹೊರಗೆ ಮಳೆ ನಿಂತಿದೆ ಎಂದರೆ "ಖಂಡಿತಾ?" ಎನ್ನುವರು. ಸೀರೆ ನೀಲಿ ಬಣ್ಣದ್ದು ಎಂದರೆ "ಖಂಡಿತಾ?" ಬೇಕೆಂದು ಅನ್ನುತ್ತಿರಲಿಲ್ಲ, ಬಾಯಿಗೆ ತಾನಾಗಿ ಬರುತ್ತಿತ್ತು.

ಎರಡು ವರ್ಷದ ಹಿಂದೆ ಡೆಂಗ್ಯೂ ಬಂದು, ಐದೇ ದಿನದಲ್ಲಿ ಹೋಗಿಬಿಟ್ಟರು. ಅವರ ಮನೆಯಲ್ಲಿ ಈಗ ಇಪೋ ಕಡೆಯ ಒಂದು ಸಂಸಾರವಿದೆ.

ಕಳೆದ ವಾರ ಬಾಂಗ್ಸಾರ್‌ನ ಒಂದು ಕೆಫೆಯಲ್ಲಿ, ಹೊಸದಾಗಿ ಮದುವೆಯಾದ ಸಹೋದ್ಯೋಗಿಯೊಬ್ಬಳು ಸ್ಪೇನಿಗೆ ಹೊರಟಿದ್ದೇನೆ, ಏನೇನು ನೋಡಲಿ ಹೇಳಿ ಎಂದಳು. ಮೈಸೂರಿನ ಹುಡುಗಿ. ನಾನು ಹೇಳುತ್ತಾ ಹೋದೆ. ಆ ಇಗರ್ಜಿಗೆ ಬೆಳಿಗ್ಗೆಯೂ ಹೋಗು, ಸಂಜೆಯೂ ಹೋಗು. ಮಸೀದಿಯಲ್ಲಿ ಕಂಬಗಳ ತಲೆ ನೋಡು. ಸೇತುವೆಯಿಂದ ಬಗ್ಗಿ ಹಕ್ಕಿಗಳ ಬೆನ್ನು ನೋಡು. ನನ್ನ ಬಾಯಲ್ಲಿ ಬರುತ್ತಿದ್ದುದೆಲ್ಲ ಡಾಕ್ಟರಮ್ಮ ಕಣ್ಣು ಮುಚ್ಚಿ ಹೇಳಿದ ಮಾತುಗಳೇ.

"ಆ ಸಿಂಹಗಳ ಕೋರ್ಟ್‌ಯಾರ್ಡ್ ಹೇಗಿದೆ ಅಕ್ಕಾ? ತುಂಬಾ ಜನ ಹೇಳ್ತಾರೆ."

"ಗೊತ್ತಿಲ್ಲ. ನಾನು ನೋಡ್ಲಿಲ್ಲ."

"ಅಯ್ಯೋ, ಹೋಗಿದ್ರಲ್ವಾ?"

ಹೋಗಿದ್ದೆ. ಅಲ್ಲೇ ನಿಂತಿದ್ದೆ. ನೋಡಿದವರು ನನ್ನ ಪಕ್ಕದಲ್ಲಿದ್ದರು, ಕೊನೆಯ ಸಲ ನೋಡುತ್ತಿದ್ದರು. ಅಲ್ಲಿ ಏನೇನಿತ್ತು ಎಂದು ಈಗ ಕೇಳೋಣವೆಂದರೆ ಅವರಿಲ್ಲ.