ಒಂದು ಸಲ ಬೇಡ ಅಂದ ವರ್ನಾ

ಅದಕ್ಕೇ ನಾನು ಹೇಳುವುದು, ಅಮೆರಿಕದ ನಮ್ಮ ಊರು ಕೆಲ್ಸೀ ಲ್ಯಾಂಡಿಂಗ್‌ನಲ್ಲಿ ರೈಲು ನಿಂತು ನಲವತ್ತು ವರ್ಷವಾದರೂ ಶನಿವಾರ ಬಂದರೆ ಜನ ಹಳೇ ಸ್ಟೇಷನ್ನಿಗೆ ಹೋಗುವುದು ವರ್ನಾ ಸೋರ್ಲಿಗಾಗಿ. ಅಲ್ಲಿ ಒಂದು ಕೋಣೆ ತುಂಬ ಊರಿನ ಹಳೇ ಫೋಟೋಗಳಿವೆ. ವರ್ನಾ ತಾಯಿ ಊರಿನ ಅಂಗಿ ಗುಂಡಿ ಕಾರ್ಖಾನೆಯಲ್ಲಿ ಗುಂಡಿಗಾಗಿ ಹೊಳೆಯ ಕಪ್ಪೆಚಿಪ್ಪು ಕೊರೆದವರು, ಇವರು ಅಲ್ಲೇ ಪ್ಲಾಸ್ಟಿಕ್ ಗುಂಡಿ ಆರಿಸಿದವರು. ಕಾರ್ಖಾನೆ ಮುಚ್ಚಿದ ಮೇಲೆ ಇಪ್ಪತ್ತಾರು ವರ್ಷ ಸಂಬಳವಿಲ್ಲದೆ ಆ ಕೋಣೆ ನೋಡಿಕೊಂಡಿದ್ದಾರೆ.

ಕೆಲಸಗಾರರ ಒಂದು ಉದ್ದದ ಫೋಟೋ ಇದೆ, ಇನ್ನೂರ ಹದಿನಾಲ್ಕು ಮುಖ. ಈಚಿನವರೆಗೆ ಒಂಬತ್ತು ಬಿಟ್ಟು ಎಲ್ಲರ ಹೆಸರನ್ನೂ ವರ್ನಾ ಹುಡುಕಿದ್ದರು. ಯಾರಾದರೂ ಬಂದು "ಇದು ನಮ್ಮಜ್ಜಿ" ಅಂದರೆ ಕನ್ನಡಕ ಏರಿಸಿ, "ಅಲ್ಲಪ್ಪ, ಇವಳು ನಿಮ್ಮಜ್ಜಿ ತಂಗಿ. ಕಿವಿ ನೋಡು, ಅಜ್ಜಿ ಕಿವಿ ಇಷ್ಟು ಸಣ್ಣಕ್ಕೆ ಎಲ್ಲಿತ್ತು" ಅನ್ನುತ್ತಾರೆ.

ಹೋದ ಮಾರ್ಚ್‌ನಲ್ಲಿ ನಗರಸಭೆಯ ಹೊಸ ಅಧ್ಯಕ್ಷ ರಿಕ್ ಲೋಮ್ಯಾಕ್ಸ್ ತುಂಬಿದ ಸಭೆಯಲ್ಲಿ ಕೇಳಿದರು, "ವರ್ನಾ, ಮುಂದಕ್ಕೂ ನೀವೇ ನೋಡ್ಕೋತೀರಾ?" ರಿಕ್ ದೂರದ ಅರಿಜೋನಾದಿಂದ ನಮ್ಮೂರಿಗೆ ಬಂದು ಎರಡೇ ವರ್ಷ ಆಗಿತ್ತು.

"ಅಯ್ಯೋ, ನಾನ್ಯಾಕೆ ಬಿಡಿ. ವಯಸ್ಸಾಯ್ತು. ಬೇರೆ ಯಾರಾದ್ರೂ ನೋಡ್ಕೊಳ್ಳಲಿ" ಅಂದರು ವರ್ನಾ.

"ಸರಿ ಹಾಗಾದ್ರೆ, ತುಂಬಾ ಥ್ಯಾಂಕ್ಸ್" ಅಂತ ರಿಕ್ ಬೀಗದ ಕೈ ಇಸಿದುಕೊಂಡು ರಸ್ತೆ ಗುಂಡಿಯ ವಿಷಯಕ್ಕೆ ಹೋಗಿಬಿಟ್ಟರು.

ಸಭೆಯಲ್ಲಿ ಅರವತ್ತು ಜನ ಇದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ನಾಲ್ಕು ಜನರ ಎದುರು ಅಧ್ಯಕ್ಷರನ್ನು ತಿದ್ದುವುದು ನಮ್ಮಲ್ಲಿ ಮರ್ಯಾದೆ ಅಲ್ಲ.

ಫೋಟೋಗಳನ್ನು ತಿಂಗಳ ಕೊನೆಗೆ ಡಬ್ಬಕ್ಕೆ ತುಂಬಿ ಸ್ಟೇಷನ್ನಿನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ಇಡುವುದೆಂದು ಆಮೇಲೆ ತೀರ್ಮಾನವಾಯಿತು. ವರ್ನಾ ಯಾರ ಮೇಲೂ ದೂರು ಹೇಳಲಿಲ್ಲ. ಮನೆಯ ಕಿಟಕಿಗಳನ್ನು ಒಂದೇ ವಾರದಲ್ಲಿ ಮೂರು ಸಲ ಒರೆಸಿದರು. ಅವರಿಗೆ ಎಷ್ಟು ಬೇಜಾರಾಗಿದೆ ಅಂತ ಪಕ್ಕದ ಮನೆಯವರಿಗೆ ಅಷ್ಟರಲ್ಲೇ ಅರ್ಥವಾಯಿತು.

ಕೊನೆಗೆ ಬಾಯಿಬಿಟ್ಟವರು ಕ್ಷೌರದ ಅಂಗಡಿಯ ಮರ್ಲ್ ಡೋಲನ್. ರಿಕ್ ಕುರ್ಚಿಯಲ್ಲಿ ಕೂತಿದ್ದಾಗ ಕೇಳಿದರು, "ವರ್ನಾನ ಎಷ್ಟು ಸಲ ಕೇಳಿದ್ರಿ?"

"ಒಂದೇ ಸಲ. ಬೇಡ ಅಂದ್ರಲ್ಲ."

"ಒಂದನೇ ಸಲ ಬೇಡ ಅನ್ನೋದು ಮರ್ಯಾದೆಗೆ. ಎರಡನೇ ಸಲ, ನೀವು ನಿಜವಾಗ್ಲೂ ಕೇಳ್ತಿದೀರಾ ಅಂತ ನೋಡೋಕೆ. ಉತ್ರ ಸಿಗೋದು ಮೂರನೇ ಸಲ."

"ಮತ್ತೆ ಯಾರೂ ಹೇಳ್ಲಿಲ್ವಲ್ರೀ."

"ನೀವು ಕೇಳ್ಲಿಲ್ವಲ್ಲ" ಅಂದು ಮರ್ಲ್ ಕತ್ತಿನ ಕೂದಲು ಕೊಡವಿದರು.

ಅವತ್ತೇ ಮಧ್ಯಾಹ್ನ ರಿಕ್ ಬೀಗದ ಕೈ ಹಿಡಿದು ವರ್ನಾ ಮನೆ ಬಾಗಿಲಿಗೆ ಹೋದರು.

"ನೀವೇ ನೋಡ್ಕೋಬೇಕು."

"ಬೇಡ ಬಿಡಿ, ಉಪ್ಪಿಗೆ ಜಾಗ ಬೇಕಲ್ಲ."

"ಉಪ್ಪಿಗೆ ಬೇರೆ ಕಡೆ ಶೆಡ್ ಹುಡುಕ್ತೀವಿ. ನೀವು ಬನ್ನಿ."

"ನನ್ನಿಂದ ಎಲ್ಲರಿಗೂ ತೊಂದ್ರೆ."

ರಿಕ್ ಬೀಗದ ಕೈ ಮುಂದೆ ಹಿಡಿದರು. "ವರ್ನಾ, ಆ ಒಂಬತ್ತು ಜನ ಯಾರು ಅಂತ ನಿಮ್ಮನ್ನ ಬಿಟ್ರೆ ಯಾರು ಹುಡುಕ್ತಾರೆ ಹೇಳಿ."

ವರ್ನಾ ಕನ್ನಡಕ ಏರಿಸಿದರು. "ಎಂಟು. ಹೋದ ವಾರ ಇನ್ನೊಬ್ಬ ಸಿಕ್ಕ" ಅಂದು ಕೈ ಚಾಚಿದರು.

ನೀವು ನಮ್ಮ ಕಡೆ ಬಂದರೆ ಅವರನ್ನು ನೋಡದೆ ಹೋಗಬೇಡಿ. ಶನಿವಾರ ಹತ್ತರಿಂದ ಎರಡರವರೆಗೆ ಇರುತ್ತಾರೆ. ಬಾಗಿಲು ಬಿಗಿ, ಭುಜ ಕೊಟ್ಟು ತಳ್ಳಿ. ನಿಮ್ಮವರು ಯಾರೂ ಆ ಫೋಟೋದಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಹೋಗಿ ಮಾತಾಡಿಸಿ.