ಗೋಣಿತಟ್ಟು ಮತ್ತು ಓಮದ ನೀರು

ಕಳೆದ ವಾರ ಔಷಧಿ ಅಂಗಡಿಯವನು ನನ್ನ ಹೊಟ್ಟೆನೋವಿಗೆ ಒಂದು ಸೀಸೆ ಓಮದ ನೀರು ಕೊಟ್ಟ. ಮನೆಗೆ ಬಂದು ಮುಚ್ಚಳ ತೆಗೆದದ್ದೇ ತಡ, ಆ ಘಾಟಿಗೆ ನಮ್ಮ ಹೆಡ್ ಕ್ಲಾರ್ಕ್ ಕಣ್ಣ ಮುಂದೆ ಬಂದು ನಿಂತರು... ಕನ್ನಡಕ ಹಣೆಯ ಮೇಲೆ, ಸೀಸೆ ಕೈಯಲ್ಲಿ, ಮುಖ ಸಿಂಡರಿಸಿಕೊಂಡು.

ಎಪ್ಪತ್ತರ ದಶಕದ ಕೊನೆ. ಶ್ರೀನಿವಾಸಪುರದ ಆಚೆ, ರಾಯಲ್ಪಾಡು ರಸ್ತೆಯಲ್ಲಿದ್ದ ರೇಷ್ಮೆ ಹುಳು ಸಾಕುವ ಪುಟ್ಟ ಕೇಂದ್ರಕ್ಕೆ ನಾನು ಟೈಪಿಸ್ಟಾಗಿ ಸೇರಿದ್ದೆ. ಇದ್ದದ್ದು ಒಂದೇ ಹಜಾರ. ನಡುವೆ ಬಿದಿರಿನ ತಡಿಕೆ. ಆ ಕಡೆ ಹುಳುಗಳು ಮತ್ತು ಇನ್‌ಸ್ಪೆಕ್ಟರು, ಈ ಕಡೆ ಹೆಡ್ ಕ್ಲಾರ್ಕ್ ಮತ್ತು ನಾನು. ಬೇಸಿಗೆಯ ಒಂದು ಬೆಳಿಗ್ಗೆ, ಹುಳುಗಳಿಗೆ ಸೆಕೆಯಾಗುತ್ತದೆಂದು ಇನ್‌ಸ್ಪೆಕ್ಟರು ಹೇಳದೆ ಕೇಳದೆ, ಇದ್ದ ಒಂದೇ ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿಬಿಟ್ಟರು. ಅದು ಹೆಡ್ ಕ್ಲಾರ್ಕರ ತಲೆಯ ಮೇಲಿದ್ದ ಕಿಟಕಿ. ಬೆಳಕು ಹೋಯಿತು, ಕಡತಗಳ ಮೇಲೆ ನೀರು ಬೇರೆ ತೊಟ್ಟಿಕ್ಕಿತು.

"ಹುಳಕ್ಕಿರೋ ಮರ್ಯಾದೆ ಇಲ್ಲಿ ಮನುಷ್ಯರಿಗಿಲ್ಲ ಬಿಡ್ರಿ," ಎಂದ ಹೆಡ್ ಕ್ಲಾರ್ಕ್ ಅಂದೇ ಮಾತು ಬಿಟ್ಟರು. ಇನ್‌ಸ್ಪೆಕ್ಟರೂ ಬಿಟ್ಟರು.

ಹತ್ತಡಿ ದೂರದಲ್ಲಿ ಕೂತ ಆ ಇಬ್ಬರೂ ಅಲ್ಲಿಂದ ಮುಂದೆ ಮಾತಾಡಿದ್ದು ಮೆಮೊಗಳಲ್ಲಿ. ಟೈಪ್ ಮಾಡುವವಳು ನಾನು, ಎದ್ದು ಹೋಗಿ ಕೊಡುವವಳೂ ನಾನು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವ ಹಾಗೆ ಎರಡು ತಿಂಗಳಲ್ಲಿ ನನ್ನ ಬೆರಳುಗಳು ಸವೆದವು.

ಹೆಡ್ ಕ್ಲಾರ್ಕರಿಗೆ ಹೊಟ್ಟೆನೋವು ಹತ್ತಿಕೊಂಡಿತು. ಓಮದ ನೀರು ಶುರು ಮಾಡಿದರು. ಮರುದಿನವೇ ಮೆಮೊ ಬಂತು: ಹುಳುಗಳಿಗೆ ಘಾಟು ಆಗದು, ಸದರಿ ಓಮದ ನೀರನ್ನು ಹೊರಗೆ ಕುಡಿಯತಕ್ಕದ್ದು. ಜಗಳ ತಂದ ನೋವಿನ ಔಷಧಿಗೂ ಜಗಳ. ಬಾಗಿಲಲ್ಲಿ ಸೇದುವ ಬೀಡಿಗೂ ಇದೇ ನಿಯಮ ಅನ್ವಯಿಸುತ್ತದೆ ಎಂದು ಇವರು ಉತ್ತರ ಬರೆಸಿದರು. ಇನ್‌ಸ್ಪೆಕ್ಟರ ಬೀಡಿ ಆ ಹೊತ್ತಿಗೆ ದಿನಕ್ಕೆ ಅರ್ಧ ಕಟ್ಟಿನಿಂದ ಎರಡು ಕಟ್ಟಿಗೆ ಏರಿತ್ತು. ಹೀಗೆ ಇಬ್ಬರೂ ಹೊರಗಿನ ಒಂದೇ ಮಾವಿನ ಮರದ ಪಾಲಾದರು. ಬುಡದ ಆ ಕಡೆ ಒಬ್ಬರು ಹೊಗೆ ಬಿಡುತ್ತ, ಈ ಕಡೆ ಒಬ್ಬರು ತೇಗುತ್ತ... ನಾನು ಬಾಗಿಲಲ್ಲಿ ನಿಂತು ನಗು ತಡೆದುಕೊಳ್ಳುತ್ತಿದ್ದೆ.

ಆಮೇಲೆ ನಗು ಬರಲಿಲ್ಲ. ಹೆಡ್ ಕ್ಲಾರ್ಕರ ಕೊರಳಪಟ್ಟಿ ಸಡಿಲವಾಗುತ್ತ ಬಂತು. ಮನುಷ್ಯ ಉಳಿಯುತ್ತಾರೋ ಇಲ್ಲವೋ ಎಂದು ನನಗೆ ಭಯವಾಯಿತು. ಒಂದು ಮಧ್ಯಾಹ್ನ ಇನ್‌ಸ್ಪೆಕ್ಟರು ನನ್ನ ಮೇಜಿಗೆ ಬಂದು ತಗ್ಗಿದ ದನಿಯಲ್ಲಿ, "ಏಮ್ಮಾ, ನಿಮ್ ಹೆಡ್ ಕ್ಲಾರ್ಕು ಮೂರ್ ದಿನದಿಂದ ಊಟದ ಡಬ್ಬಿ ತೆಗ್ದಿಲ್ಲ. ಹುಳ ಸೊಪ್ಪು ಬಿಟ್ರೇನೇ ನಂಗೆ ನಿದ್ದೆ ಬರಲ್ಲ, ಇದು ಮನುಷ್ಯ. ಒಂದ್ ಮೆಮೊ ಹೊಡಿ," ಎಂದರು.

ಹೊಡೆದೆ. ವಿಷಯ: ಊಟ ಮಾಡದಿರುವ ಬಗ್ಗೆ.

ಹೆಡ್ ಕ್ಲಾರ್ಕ್ ಅದನ್ನು ಎರಡು ಸಲ ಓದಿದರು. ಕನ್ನಡಕ ಹಣೆಗೇರಿಸಿ ಉತ್ತರ ಬರೆಸಿದರು: ಬೆಳಕಿಲ್ಲದ ಕಾರಣ ಡಬ್ಬಿ ಕಾಣುತ್ತಿಲ್ಲ.

ಇನ್‌ಸ್ಪೆಕ್ಟರು ಬಂದು ಗೋಣಿತಟ್ಟು ಕಿತ್ತರು. ಹೆಡ್ ಕ್ಲಾರ್ಕ್ ಡಬ್ಬಿ ತೆರೆದು ಮುದ್ದೆ ಮುರಿದರು. ನನಗೆ ಜೀವ ಬಂದ ಹಾಗಾಯಿತು. ಊಟ ಅರ್ಧಕ್ಕೆ ಬರುವಷ್ಟರಲ್ಲಿ ಬಿಸಿಲು ತಡಿಕೆ ದಾಟಿ ಹುಳುಗಳ ತಟ್ಟೆಗೆ ಬಿತ್ತು. ಹೆಡ್ ಕ್ಲಾರ್ಕ್ ಎಂಜಲು ಕೈಯಲ್ಲೇ ಎದ್ದು, ಸ್ಟೂಲು ಹತ್ತಿ ಗೋಣಿತಟ್ಟನ್ನು ತಾವೇ ಮತ್ತೆ ಕಟ್ಟಿದರು. "ಪಾಪ, ಬಾಯಿಲ್ಲದವು," ಎಂದರು, ಯಾರಿಗೂ ಅಲ್ಲದ ಹಾಗೆ.

ತಡಿಕೆಯ ಆಚೆಯಿಂದ ಇನ್‌ಸ್ಪೆಕ್ಟರ ದನಿ ಬಂತು. "ಮೇಜು ಬಾಗ್ಲತ್ರ ಎಳ್ಕೊಂಡ್ರೆ ಆಯ್ತಲ್ಲ ಸಾರ್."

ಎರಡು ತಿಂಗಳು ನಮ್ಮಲ್ಲಿ ಯಾರಿಗೂ ಹೊಳೆಯದಿದ್ದ ಮಾತು. ಇಬ್ಬರೂ ಸೇರಿ ಮೇಜು ಎಳೆದರು. ಸಂಜೆ ಹೊರಡುವಾಗ ಹೆಡ್ ಕ್ಲಾರ್ಕ್ ಸೀಸೆಯನ್ನು ನನ್ನ ಮುಂದಿಟ್ಟು, "ಇಟ್ಕೊಳಮ್ಮ, ಇನ್ಮೇಲೆ ನಮ್ಮಿಬ್ರ ಮಾತು ಕೇಳಿ ಕೇಳಿ ನಿಂಗೇ ಬೇಕಾಗುತ್ತೆ," ಎಂದರು.

ಅವರಿಬ್ಬರೂ ಈಗಿಲ್ಲ. ಮುಂದೆ ಮಾಲೂರಿನ ಆಫೀಸಿನಲ್ಲಿ ನಾನೂ ಒಬ್ಬರ ಜೊತೆ ಎರಡು ವರ್ಷ ಮಾತು ಬಿಟ್ಟೆ. ಎಷ್ಟೋ ದಿನ ನನ್ನ ಡಬ್ಬಿ ತುಂಬಿದ್ದ ಹಾಗೇ ಮನೆಗೆ ಬಂತು... ಕಳೆದ ವಾರ ತಂದ ಸೀಸೆಯಿಂದ ಎರಡು ಚಮಚ ಕುಡಿದೆ, ನೋವು ಇಳಿಯಿತು. ಊಟ ಬಿಟ್ಟದ್ದನ್ನು ನೋಡಿ ಮೆಮೊ ಕಳಿಸುವಂಥ ಶತ್ರು ಮಾತ್ರ ನನಗೆ ಎಲ್ಲೂ ಸಿಗಲಿಲ್ಲ.