ಅತ್ತೆ ಬಿಚ್ಚಿದ ಮುಡಿಪು

ಭಕ್ತ ಬಂಧುಗಳೇ, ನಾನು ಬಂಟ್ವಾಳ ಪೇಟೆಯವಳು. ಅರವತ್ತರ ದಶಕದ ಆರಂಭದ ಒಂದು ಆಟಿ ತಿಂಗಳ ಜಡಿಮಳೆಯಲ್ಲಿ ನನ್ನ ಮೂರು ವರ್ಷದ ಮಗಳು ಸುಮತಿಗೆ ಕಫಜ್ವರ ಏರಿ ಉಸಿರು ಕಟ್ಟತೊಡಗಿತು. ಬೆಳಿಗ್ಗೆ ಪೇಟೆಯ ಡಾಕ್ಟರು ನೋಡಿ, "ಇವತ್ತೇ ಮಂಗಳೂರಿಗೆ ಕೊಂಡುಹೋಗಿ. ಮಗು ಮಳೆಗೆ ನೆನೆಯಬಾರದು, ಬಸ್ಸಿನಲ್ಲೇ ಹೋಗಬೇಕು" ಎಂದರು. ಬಸ್ಸು ಹೋಗುವ ಜೋಡುಮಾರ್ಗದ ತಗ್ಗಿನಲ್ಲಿ ಆಗಲೇ ನೀರು ನಿಂತಿತ್ತು.

ನಿಮಗೆ ಗೊತ್ತಿರಬಹುದು, ಬೆಳ್ತಂಗಡಿ ಕಡೆಯ ಘಟ್ಟದಿಂದ ನೇತ್ರಾವತಿ, ಸುಬ್ರಹ್ಮಣ್ಯದ ಕಡೆಯಿಂದ ಕುಮಾರಧಾರೆ ಬಂದು ಉಪ್ಪಿನಂಗಡಿಯಲ್ಲಿ ಸೇರುತ್ತವೆ. ಎರಡೂ ಉಕ್ಕಿ ದೇವಸ್ಥಾನದ ಎದುರು ನೀರಿಗೆ ನೀರು ಮುಟ್ಟಿದರೆ ಅದೇ ಸಂಗಮ. ಅಲ್ಲಿ ವಾದ್ಯ, ಪೂಜೆ, ಪುಣ್ಯಸ್ನಾನ. ಆ ನೀರೆಲ್ಲ ಒಟ್ಟಾಗಿ ಇಳಿದು ಬರುವುದು ನಮ್ಮ ಪೇಟೆಗೆ; ಅಲ್ಲಿ ಸಂಗಮವಾದರೆ ಇಲ್ಲಿ ಬಸ್ಸಿನ ದಾರಿ ಮುಳುಗುತ್ತದೆ.

ಬೆಳ್ತಂಗಡಿ ಹತ್ತಿರದ ಲಾಯಿಲದಿಂದ ಬಂದಿದ್ದ ನನ್ನ ಅತ್ತೆಗೆ ಸಂಗಮಸ್ನಾನ ಜನ್ಮದ ಆಸೆ. ಈ ವರ್ಷ ಸಂಗಮ ಆಗಲಿ ಎಂದು ಹಳದಿ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ, ಮುಡಿಪನ್ನು ದೇವರ ಮುಂದೆ ಇಟ್ಟಿದ್ದರು. ಅದನ್ನು ನೋಡಿದಾಗಲೆಲ್ಲ ಅಂದು ನನ್ನ ಮೈ ಉರಿಯುತ್ತಿತ್ತು.

ಕೆಲಸಕ್ಕೆಂದು ಉಪ್ಪಿನಂಗಡಿಗೆ ಹೋಗಿದ್ದ ನನ್ನ ಗಂಡ ಮಧ್ಯಾಹ್ನ ಜೋಡುಮಾರ್ಗದ ತಗ್ಗಿನಲ್ಲಿ ಸೊಂಟದವರೆಗಿನ ನೀರು ದಾಟಿಕೊಂಡು ಬಂದರು. "ಅಲ್ಲಿ ಸಂಗಮಕ್ಕೆ ನೀರು ಇನ್ನು ನಾಲ್ಕು ಮೆಟ್ಟಿಲು ಏರಲು ಬಾಕಿ ಉಂಟು. ವಾದ್ಯದವರು ಬಂದು ಕೂತಿದ್ದಾರೆ" ಎಂದರು.

ನಾನು ತಡೆಯಲಾರದೆ ಹೇಳಿಬಿಟ್ಟೆ: "ಅತ್ತೇ, ನಿಮ್ಮ ದೇವರು ನಿಮ್ಮ ಮಾತು ಕೇಳಿದ ಹಾಗೆ ಕಾಣ್ತದೆ."

ಅತ್ತೆ ಮಗುವಿನ ಎದೆಗೆ ಕಿವಿಯಿಟ್ಟು ಗೊರಗೊರ ಕೇಳಿದರು. ಆಮೇಲೆ ಎದ್ದುಹೋಗಿ ಮುಡಿಪನ್ನು ಬಿಚ್ಚತೊಡಗಿದರು. ಕಟ್ಟಿದ ಮುಡಿಪು ಬಿಚ್ಚುವುದೆಂದರೆ ಸಣ್ಣ ಮಾತೇ? "ಅಮ್ಮ, ಬೇಡ! ದೋಷ ಬಂದೀತು" ಎಂದು ನನ್ನ ಗಂಡ ಹೌಹಾರಿದರು.

"ಬಂದರೆ ನನಗೆ ಬರಲಿ ಮಾರಾಯ," ಎಂದ ಅತ್ತೆ ದೇವರ ಕಡೆ ತಿರುಗಿ, "ನಾನು ಕೇಳಿದ್ದು ತಪ್ಪಾಯಿತು ಸ್ವಾಮಿ. ನನಗೆ ಸ್ನಾನ ಬೇಡ. ಮಗುವಿಗೆ ದಾರಿ ಬಿಡು" ಎಂದರು. ನಾನೂ ಪಕ್ಕದಲ್ಲಿ ಅಡ್ಡಬಿದ್ದೆ.

ಹೊರಗೆ ಮಳೆ ಸುರಿಯುತ್ತಲೇ ಇತ್ತು. ನಮ್ಮ ಆಸೆ ಬತ್ತುತ್ತಾ ಬಂದಾಗ ಬೆಳ್ತಂಗಡಿಯ ಬಸ್ಸು ಬಂದು ಪೇಟೆಯಲ್ಲಿ ನಿಂತಿತು. ಗಂಡ ಓಡಿಹೋಗಿ ಕೇಳಿದರು. "ಮೇಲೆ ಘಟ್ಟದಲ್ಲಿ ಬೆಳಿಗ್ಗೆಯೇ ಮಳೆ ಬಿಟ್ಟಿದೆ," ಎಂದ ಡ್ರೈವರ್. "ನೇತ್ರಾವತಿ ಇಳಿಯುತ್ತಾ ಉಂಟು. ಕುಮಾರಧಾರೆ ಒಂದೇ ಎಷ್ಟು ಏರೀತು? ಕಾಯುವ."

ಕಾದೆವು. ಸಂಜೆಯ ಹೊತ್ತಿಗೆ ತಗ್ಗಿನ ನೀರು ಮೊಣಕಾಲಿಗೆ ಇಳಿಯಿತು. ಬಸ್ಸು ಮೆಲ್ಲ ಮೆಲ್ಲ ದಾಟುವಾಗ ನೀರು ಒಳಗಿನ ಹಲಗೆಯನ್ನೂ ನೆಕ್ಕಿತು. ನಾನು ಸುಮತಿಯನ್ನು ಎದೆಗೆ ಒತ್ತಿಕೊಂಡಿದ್ದೆ. ಮಂಗಳೂರಿನ ಆಸ್ಪತ್ರೆಯಲ್ಲಿ ಸೂಜಿ ಕೊಟ್ಟರು, ಮಗು ಬದುಕಿತು.

ಆ ವರ್ಷ ಸಂಗಮವಾಗಲಿಲ್ಲ. ಉಪ್ಪಿನಂಗಡಿಯವರು ಬಹಳ ಬೇಸರಪಟ್ಟರಂತೆ. ಅವರ ಕ್ಷಮೆ ಕೇಳಿಕೊಂಡೇ ದೇವರಿಗೆ ಕೈಮುಗಿಯುತ್ತೇನೆ. ಮುಂದಿನ ವರ್ಷಗಳಲ್ಲಿ ಎಷ್ಟು ಕರೆದರೂ ಅತ್ತೆ ಸಂಗಮಸ್ನಾನಕ್ಕೆ ಹೋಗಲಿಲ್ಲ. "ಬೇಡ ಅಂತ ಹೇಳಿ ಆಗಿದೆ ಅಲ್ವಾ?" ಎನ್ನುತ್ತಿದ್ದರು. ಹಾಗೆಯೇ ತೀರಿಕೊಂಡರು.

ಈಗ ಸಂಗಮವಾದ ವರ್ಷ ಸುಮತಿ ಹೋಗುತ್ತಾಳೆ. ಮೊದಲ ಮುಳುಗು ಅಜ್ಜಿಯ ಹೆಸರಲ್ಲಿ ಹಾಕುತ್ತಾಳೆ.